ಸಾಹೇಬರ ಮೇಜಿನ ಮೇಲೆ ಕೂಸು

ನನ್ನ ಗಿರಿಜಾ ಮೀಸೆಯ ಮೇಲೆ ಆಣೆ, ಇದರಲ್ಲಿ ಚೂರೂ ಸುಳ್ಳಿಲ್ಲ.

ಗದಗಿನ ಮಿಕ್ಸಿ ರಿಪೇರಿ ಶಿವಪುತ್ರಪ್ಪ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಬಂದ. ಹೆಂಡತಿ ಮಸ್ಕತ್ತಿನಲ್ಲಿ ನರ್ಸು. ಆಕೆ ಮಗಳ ಮುಖ ನೋಡಿ ಹದಿನಾಲ್ಕು ತಿಂಗಳಾಗಿತ್ತು. ವಿಮಾನ ಹೊರಡಲು ಇನ್ನು ಮುಕ್ಕಾಲು ಗಂಟೆ.

ವಲಸೆ ತಪಾಸಣೆ ಕೌಂಟರಿನ ಸಾಹೇಬರು ಪಾಸ್‌ಪೋರ್ಟು, ವೀಸಾ, ಜನನ ಪ್ರಮಾಣಪತ್ರ, ಕಡೆಗೆ ತಾಯಿ ಸಹಿ ಮಾಡಿ ಕಳಿಸಿದ್ದ ಒಪ್ಪಿಗೆ ಪತ್ರವನ್ನೂ ಬೆಳಕಿಗೆ ಹಿಡಿದು ನೋಡಿದರು.

"ಸಹಿ ಯಾರು ಬೇಕಾದರೂ ಮಾಡಬಹುದು. ತಾಯಿ ನನ್ನೆದುರು ನಿಂತು ಹೇಳಬೇಕು."

"ಆಕಿ ಮಸ್ಕತ್ತಿನಾಗ ಅದಾಳ್ರೀ. ಆಕಿ ಕಡೇನ ಹೊಂಟೇವಿ."

"ಅದೆಲ್ಲ ಗೊತ್ತಿಲ್ಲ. ನೀವು ಹೋಗಿ, ಮಗು ಹೋಗುವಂತಿಲ್ಲ."

ಶಿವಪುತ್ರಪ್ಪನದು ಸುಟ್ಟ ಮಿಕ್ಸಿಗಳನ್ನೇ ಮಾತಾಡಿಸಿದ ಕೈ. ಮಗಳನ್ನೆತ್ತಿ ಸಾಹೇಬರ ಮೇಜಿನ ಮೇಲೆ ಕೂರಿಸಿದ.

"ಆತ್ರೀ. ನಾ ಹೋಗಿ ಅವರವ್ವನ್ನ ನಾಡಿದ್ದು ನಿಮ್ಮೆದುರಿಗೆ ನಿಲ್ಲಸ್ತೀನಿ. ಅಲ್ಲೀತನಾ ಇಕಿ ನಿಮ್ಮ ಕೂಸು. ಮೊಸರನ್ನ ಕಲಸಿ ತಿನ್ನಸ್ರಿ. ಮಲಗೂಮುಂದ ಕುದುರಿ ಆಗ್ರಿ."

"ಏನ್ರೀ, ನನ್ನ ಹತ್ತಿರ ಹೇಗೆ ಬಿಡ್ತೀರಿ?"

"ಅದಕ್ಕೂ ಅವರವ್ವನ ಒಪ್ಪಿಗಿ ಬೇಕೇನ್ರೀ? ಹೆತ್ತಪ್ಪ ಒಯ್ಯಬಾರದು, ನೀವು ಇಟ್ಕೋಬಾರದು. ಕೂಸು ಎಲ್ಲಿರಬೇಕ್ರೀ ಸಾಹೇಬ್ರ?"

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಆಗ ಮಗು ಸಾಹೇಬರ ಟೈ ಹಿಡಿದೆಳೆದು ಮೆಲ್ಲಗೆ ಹೇಳಿತು: "ಮಾಮಾ, ಒಂದಕ್ಕ."

ಮಗುವಿನ ಕೆಳಗೆ ಸಾಹೇಬರ ಕಾಗದಗಳೆಲ್ಲ ಹರಡಿದ್ದವು. ಅವರು ಮೊಹರು ಒತ್ತಿದ ರಭಸಕ್ಕೆ ಅಕ್ಕಪಕ್ಕದ ಮೂರು ಕೌಂಟರು ನಡುಗಿದವು.

"ಹೋಗಿ, ಇಬ್ಬರೂ ಬೇಗ ಹೋಗಿ."

ಅಂದು ಸಂಜೆ ಮಸ್ಕತ್ತಿನಲ್ಲಿ ಆ ತಾಯಿ ಮಗಳನ್ನು ಕಂಕುಳಿಂದ ಕೆಳಗಿಳಿಸಲೇ ಇಲ್ಲ.

ಎಲ್ಲ ನಡೆದದ್ದೇ. ಮಗು ಹೇಳಿದ್ದನ್ನು ಮಾತ್ರ ಸಾಹೇಬರ ಮರ್ಯಾದೆಗಾಗಿ ನಾನು ಸ್ವಲ್ಪ ಇಳಿಸಿದೆ. ನಿಜವಾಗಿ ಬಂದದ್ದು ಎರಡಕ್ಕೆ.