ಚಂದ್ರಮೌಳಿ ಇಟ್ಟ ಡೌನ್‌ಲೋಡ್ ಬಟನ್ನು

ಅರಸೀಕೆರೆಯಲ್ಲಿ ಒಬ್ಬ ತಾಯಿ, ತಾಯಿಗೊಬ್ಬ ಮಗ. ಬುದ್ಧಿ ಬಡಿಸುತ್ತಾ ಬಂದ ದೇವರು ಇಬ್ಬರ ಪಾಲನ್ನೂ ತಾಯಿಯ ಎಲೆಗೇ ಸುರಿದು, ಮಗನ ಎಲೆಯ ಹತ್ತಿರ ಬರುವಷ್ಟರಲ್ಲಿ ಸೌಟು ಒರೆಸಿಕೊಂಡು ಹೊರಟುಹೋಗಿದ್ದ. ತಾಯಿ ಸರ್ವಮಂಗಳಮ್ಮ. ಮಗ ಚಂದ್ರಮೌಳಿ. ಅಷ್ಟುದ್ದ ಹೆಸರನ್ನು ಆ ತಲೆ ಹೊರಲಾರದು ಅಂತ ಊರವರು ಮೌಳಿ ಅಂತಷ್ಟೇ ಕರೆಯುತ್ತಿದ್ದರು.

ಸರ್ವಮಂಗಳಮ್ಮನದು ವಧೂವರರ ಕೇಂದ್ರ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಒಂದು ಮೇಜು, ಗೋಡೆ ತುಂಬ ಮದುವೆ ಫೋಟೋ. ಇಪ್ಪತ್ತೆರಡು ವರ್ಷದಲ್ಲಿ ಮುನ್ನೂರ ನಲವತ್ತು ಮದುವೆ ಮಾಡಿಸಿದ ಹೆಂಗಸು. ಮಾಡಿಸಲಾಗದೆ ಉಳಿದದ್ದು ಒಂದೇ, ಮಗನದು. ಅವನಿಗೋ ಮೂವತ್ತೆರಡು ದಾಟಿತ್ತು. "ಹುಡುಗ ಏನು ಕೆಲಸ ಮಾಡ್ತಾನೆ?" ಅಂತ ಹೆಣ್ಣಿನವರು ಕೇಳಿದರೆ ಸಾಕು, ಇಡೀ ತಾಲ್ಲೂಕನ್ನು ಮಾತಿನಲ್ಲೇ ಒಪ್ಪಿಸುತ್ತಿದ್ದ ಬಾಯಿ ಅಲ್ಲಿಗೆ ಮುಚ್ಚಿಹೋಗುತ್ತಿತ್ತು.

ಆ ವರ್ಷ ಕಡೂರಿನಿಂದ ಒಂದು ಸಂಬಂಧ ಬಂತು. ಹುಡುಗಿ ದಾಕ್ಷಾಯಿಣಿ, ಹೈಸ್ಕೂಲಲ್ಲಿ ಗಣಿತ ಹೇಳಿಕೊಡುವವಳು. ತಂದೆ ಇಲ್ಲ, ಸೋದರಮಾವ ಮರುಳಸಿದ್ದಪ್ಪನದೇ ಯಜಮಾನಿಕೆ. ಅವನೂ ಅದನ್ನೇ ಕೇಳಿದ. ಈ ಸಲ ಸರ್ವಮಂಗಳಮ್ಮ ಬಾಯಿ ಮುಚ್ಚಲಿಲ್ಲ.

"ನಮ್ಮ ಕೇಂದ್ರದ ವೆಬ್‌ಸೈಟು ಪೂರ್ತಿ ಅವನದೇ ಉಸ್ತುವಾರಿ ಕಣ್ರೀ."

"ಹಂಗಾ? ಒಂದು ತಿಂಗಳು ನೋಡ್ತೀನಿ. ನಡೆಸ್ಕೊಂಡು ಹೋಗ್ತಾನೆ ಅನ್ನಿಸಿದ್ರೆ ಹುಡುಗನ್ನ ನೋಡೋಕೆ ಬರ್ತೀವಿ."

ಅದು ಪೂರ್ತಿ ಸುಳ್ಳೂ ಅಲ್ಲ. ಕಂಪ್ಯೂಟರ್ ಸೆಂಟರಿನವನೊಬ್ಬ ವೆಬ್‌ಸೈಟು ಮಾಡಿ, ಆರುನೂರ ಹನ್ನೆರಡು ಹುಡುಗ ಹುಡುಗಿಯರ ವಿವರ ಅದರೊಳಗೆ ತುಂಬಿಸಿ ಹೋಗಿದ್ದ. ಮೌಳಿಯ ವಿವರವೂ ಅದರಲ್ಲಿತ್ತು. ಮೌಳಿ ಅವನ ಪಕ್ಕ ಆರು ತಿಂಗಳು ಕೂತು ಕೆಲಸ ಕಲಿತಿದ್ದ. ಹೇಗೆ ಕಲಿತ ಅಂತ ಬೆರಗಾಗಬೇಡಿ. ಕಂಪ್ಯೂಟರೂ ಅವನ ಬಳಗದ್ದೇ. ಹೇಳಿದಷ್ಟು ಮಾಡುತ್ತೆ, ಯಾಕೆ ಅಂತ ಕೇಳೋದಿಲ್ಲ. ಎರಡೂ ಅಣ್ಣತಮ್ಮಂದಿರ ಹಾಗೆ ಹೊಂದಿಕೊಂಡುಬಿಟ್ಟಿದ್ದವು.

ತಾಯಿ ಮಗನನ್ನು ಕೂರಿಸಿಕೊಂಡು ಹೇಳಿದಳು: "ಬಂದೋರೆಲ್ಲ ಪಟ್ಟಿ ಬರ್ಕೋತಾ ಮಧ್ಯಾಹ್ನದ ತನಕ ಇಲ್ಲೇ ಕೂತಿರ್ತಾರೆ. ಒಂದು ಬಟನ್ ಇಡು. ಒತ್ತಿದ್ರೆ ಪಟ್ಟಿ ಅವರ ಫೋನಿಗೆ ಫೈಲಾಗಿ ಇಳೀಬೇಕು. ನಮ್ಮಲ್ಲಿರೋದನ್ನ ಕೊಡು, ಏನೂ ಮುಚ್ಚಿಡಬೇಡ."

"ಮುಚ್ಚಿಡಲ್ಲಮ್ಮ," ಅಂದ ಮೌಳಿ. ಮುಚ್ಚಿಡಲಿಲ್ಲ.

ಮೂರನೇ ದಿನ ತಿಪಟೂರಿನ ಪಂಚಾಕ್ಷರಯ್ಯ ಫೋನು ಹಿಡಿದುಕೊಂಡು ಒಳಗೆ ನುಗ್ಗಿದ. ಎರಡು ಹೆಣ್ಣುಮಕ್ಕಳ ತಂದೆ. ಇಳಿದ ಫೈಲಿನಲ್ಲಿ ಒಬ್ಬೊಬ್ಬರ ವಿವರದ ಕೊನೆಯಲ್ಲೂ 'ಒಳಗಿನ ಮಾತು' ಅಂತ ಒಂದು ಸಾಲಿತ್ತು. ಸರ್ವಮಂಗಳಮ್ಮ ತನ್ನ ನೆನಪಿಗೆ ಬರೆದಿಟ್ಟುಕೊಳ್ಳುತ್ತಿದ್ದ ಜಾಗ ಅದು.

"'ಹೆಣ್ಣುಮಕ್ಕಳು ಬಂಗಾರ. ಅಪ್ಪ ಬಾಯಿ ತೆಗೆದರೆ ಸಂಬಂಧ ಮುರಿಯುತ್ತೆ. ಮಾತುಕತೆ ದಿನ ಬೇರೆ ಊರಿಗೆ ಕಳಿಸತಕ್ಕದ್ದು.' ಇದು ನಾನೇನಮ್ಮ?"

"ಅಯ್ಯೋ, ಅದು ಬೇರೆ ಪಂಚಾಕ್ಷರಯ್ಯ."

"ಫೋನ್ ನಂಬರ್ ನಂದೇ ಇದೆ."

ಅವನು ಹೋದ ಮೇಲೆ ಸರ್ವಮಂಗಳಮ್ಮ ಹಣೆಯನ್ನು ಮೇಜಿಗೆ ಒಂದು ಸಲ ಕುಟ್ಟಿಕೊಂಡಳು.

"ಲೋ ಮಂಕೇ, ನನ್ನ ಹೊಟ್ಟೆಯೊಳಗಿನದೆಲ್ಲ ಊರಿಗೆ ಹಂಚಿದೆಯಲ್ಲೋ."

"ನೀನು ಹೇಳಿದ ಹಾಗೇ ಮಾಡಿದೆನಲ್ಲಮ್ಮ."

"ಇನ್ಮೇಲೆ ಅವರು ಏನು ಕೇಳ್ತಾರೋ ಅಷ್ಟೇ ಕೊಡು. ಅದರ ಮೇಲೆ ಒಂದಕ್ಷರ ಕೊಡಬೇಡ."

"ಕೊಡಲ್ಲಮ್ಮ," ಅಂದ ಮೌಳಿ. ಕೊಡಲಿಲ್ಲ.

ಜಾವಗಲ್ಲಿನ ಲಾಯರೊಬ್ಬರಿಗೆ ಆರಡಿ ಎತ್ತರದ ಮಗ. ಎತ್ತರದ ಹುಡುಗಿ ಬೇಕು ಅಂತ 'ಎತ್ತರ' ಅನ್ನುವಲ್ಲಿ ಗುರುತು ಹಾಕಿ ಬಟನ್ ಒತ್ತಿದರು. ಫೈಲು ಇಳಿಯಿತು. ಅದರ ತುಂಬ ಎತ್ತರ ಇತ್ತು. ಎತ್ತರ ಬಿಟ್ಟರೆ ಇನ್ನೇನೂ ಇರಲಿಲ್ಲ. ಲಾಯರು ಅದನ್ನು ಪ್ರಿಂಟು ಹಾಕಿಸಿ ತಂದು ಮೇಜಿನ ಮೇಲೆ ಹರಡಿದರು.

"ಐದಡಿ ಆರು. ಇವಳು ಯಾರಮ್ಮ? ಐದಡಿ ಏಳು. ಇವಳ ಊರು ಯಾವುದು? ನಾನು ಮಗನಿಗೆ ಹೆಂಡತಿ ಹುಡುಕ್ತಿದೀನಾ, ಮನೆಗೆ ಬಾಗಿಲ ಚೌಕಟ್ಟು ಮಾಡಿಸ್ತಿದೀನಾ?"

ಲಾಯರು ಮೆಟ್ಟಿಲಿಳಿದರು. ಸರ್ವಮಂಗಳಮ್ಮ ಹಣೆಯನ್ನು ಮೇಜಿಗೆ ಎರಡು ಸಲ ಕುಟ್ಟಿಕೊಂಡಳು.

"ನೀನು ಹೇಳಿದ ಹಾಗೇ ಮಾಡಿದೆನಲ್ಲಮ್ಮ."

"ಹೆಸರಿಲ್ಲದೋರನ್ನ ಯಾರೋ ಮದುವೆ ಆಗ್ತಾರೆ? ಹೆಸರು, ವಿಳಾಸ, ವಯಸ್ಸು ಎಲ್ಲ ಹಾಕು. ಹೆಸರುಗಳನ್ನ ಮಾತ್ರ ಹಾಜರಿ ಪುಸ್ತಕದ ಥರ ಅ ಆ ಇ ಈ ಪ್ರಕಾರ ಸಾಲಾಗಿ ನಿಲ್ಲಿಸು. ಬೇರೆ ಯಾವುದನ್ನೂ ಮುಟ್ಟಬೇಡ."

"ಮುಟ್ಟಲ್ಲಮ್ಮ," ಅಂದ ಮೌಳಿ. ಮುಟ್ಟಲಿಲ್ಲ.

ಹೆಸರುಗಳು ಎದ್ದು ಅ ಆ ಇ ಈ ಅಂತ ಸಾಲಾಗಿ ನಿಂತವು. ವಯಸ್ಸು, ವಿಳಾಸ, ಫೋನ್ ನಂಬರು ಇದ್ದಲ್ಲೇ ಇದ್ದವು. ಒಬ್ಬರ ಹೆಸರಿನ ಪಕ್ಕ ಇನ್ನೊಬ್ಬರ ಮನೆ. ಹುಳಿಯಾರಿನ ಒಂದು ಕುಟುಂಬ 'ಅನಸೂಯ' ಅನ್ನುವ ಹೆಸರನ್ನೂ ಅದರ ಮುಂದಿನ ವಿಳಾಸವನ್ನೂ ಮಾತ್ರ ಓದಿಕೊಂಡು, ಹೂವು ಹಣ್ಣು ಸಮೇತ ಕಾರು ಮಾಡಿಕೊಂಡು ಹೊರಟಿತು. ಬಾಗಿಲು ತೆರೆದವನು ಐವತ್ತೆಂಟು ವರ್ಷದ ಡ್ರಿಲ್ ಮಾಸ್ತರು. ಎರಡನೇ ಸಂಬಂಧಕ್ಕೆ ಹೆಸರು ಕೊಟ್ಟು ಮೂರು ವರ್ಷದಿಂದ ಕಾಯುತ್ತಿದ್ದವನು. ಹೂವು ಹಣ್ಣು ನೋಡಿದ್ದೇ ಮೀಸೆ ತೀಡಿಕೊಂಡು ಚಾಪೆ ಹಾಸಿದ.

"ಹೆಣ್ಣೆಲ್ಲಿ?" ಅಂದರು ಬಂದವರು.

"ಅದನ್ನ ನಾನು ಕೇಳಬೇಕು," ಅಂದ ಮಾಸ್ತರು.

ಹುಳಿಯಾರಿನವರು ಅಲ್ಲಿಂದಲೇ ಫೋನು ಮಾಡಿ ಸರ್ವಮಂಗಳಮ್ಮನ ಏಳು ತಲೆಮಾರನ್ನೂ ವಿಚಾರಿಸಿದರು. ಅವಳು ಹಣೆಯನ್ನು ಮೇಜಿಗೆ ಮೂರು ಸಲ ಕುಟ್ಟಿಕೊಂಡಳು.

"ನೀನು ಹೇಳಿದ ಹಾಗೇ..."

"ಮುಚ್ಚೋ ಬಾಯಿ. ಒಬ್ಬರದು ಇನ್ನೊಬ್ಬರಿಗೆ ಅಂಟಬಾರದು. ಒಬ್ಬೊಬ್ಬರದೂ ಬೇರೆ ಬೇರೆ ಇರಬೇಕು, ತಿಳೀತಾ?"

"ತಿಳೀತಮ್ಮ," ಅಂದ ಮೌಳಿ. ತಿಳಿದದ್ದು ಏನು ಅಂತ ಸೋಮವಾರ ಗೊತ್ತಾಯಿತು.

ಬೇಲೂರಿನ ಅನ್ನಪೂರ್ಣಮ್ಮ ಬಟನ್ ಒತ್ತಿದ್ದು ಒಂದೇ ಸಲ. ಇಳಿದದ್ದು ಆರುನೂರ ಹನ್ನೆರಡು ಫೈಲು, ಒಬ್ಬೊಬ್ಬರಿಗೆ ಒಂದೊಂದು. ಫೋನು ಟಿಣ್ ಅಂದದ್ದು ನಿಲ್ಲಲೇ ಇಲ್ಲ. ಅಕ್ಕಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರೂ ಒಳಗಿನಿಂದ ಟಿಣ್ ಟಿಣ್. ಸಾಲದ್ದಕ್ಕೆ, ಅದರಲ್ಲೊಂದು ತೆರೆದು ಹುಡುಗಿಗೆ ಫೋನು ಮಾಡಿದರೆ ಎತ್ತಿದವನು ಅವಳ ಗಂಡ.

"ನಮ್ಮ ಮಗೂಗೆ ನಾಳೆ ನಾಮಕರಣ, ನೀವೂ ಬನ್ನಿ ಅಂದ ಕಣಮ್ಮ ಆ ಪುಣ್ಯಾತ್ಮ," ಅಂತ ಅನ್ನಪೂರ್ಣಮ್ಮ ಕೇಂದ್ರದ ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

ನಾಲ್ಕು ಸಲ ಕುಟ್ಟಿಕೊಳ್ಳಲು ಸರ್ವಮಂಗಳಮ್ಮನ ಹಣೆಯಲ್ಲಿ ಜಾಗ ಉಳಿದಿರಲಿಲ್ಲ. ಕಡೂರಿನವರು ಹೇಳಿದ ತಿಂಗಳು ಮುಗಿಯಲು ಎಂಟೇ ದಿನ ಬಾಕಿ. ಅವಳು ಮಗನ ಎರಡೂ ಕೈ ಹಿಡಿದುಕೊಂಡು, ಕೂಸಿಗೆ ಹೇಳುವ ಹಾಗೆ ಹೇಳಿದಳು: "ಕಂದ, ಒಂದು ಸಲ ಒತ್ತಿದ್ರೆ ಒಬ್ಬರದೇ ಹೋಗಲಿ. ಮತ್ತೆ ಕೇಳು, ಇನ್ಮೇಲೆ ಯಾರೇ ಆಗಲಿ, ಒಂದು ಮನೆ ಸೇರಿದ ಮೇಲೆ ಅವರ ಹೆಸರು ನಮ್ಮಲ್ಲಿರಬಾರದು. ಇಲ್ಲಿಂದ ತೆಗೆದುಬಿಡಬೇಕು."

"ತೆಗೀತೀನಮ್ಮ," ಅಂದ ಮೌಳಿ.

ಮಂಗಳವಾರ ಮರುಳಸಿದ್ದಪ್ಪ ಫೋನು ಮಾಡಿದ. "ನಿಮ್ಮ ಹುಡುಗನ ಫೈಲು ಇಳಿಸ್ಕೊಂಡೆ ಕಣಮ್ಮ. ಅಚ್ಚುಕಟ್ಟಾಗಿದೆ. ಹೆಸರಿದೆ, ವಿವರ ಅವನದೇ, ಹೆಚ್ಚಿಗೆ ಒಂದಕ್ಷರ ಇಲ್ಲ. ಗುರುವಾರ ಹತ್ತು ಗಂಟೆಗೆ ಹುಡುಗನ್ನ ನೋಡೋಕೆ ಬರ್ತೀವಿ."

ಸರ್ವಮಂಗಳಮ್ಮ ಆ ಫೋನಿಗೇ ಕುಂಕುಮ ಇಡುವುದೊಂದು ಬಾಕಿ. ಹೊಸ ಷರ್ಟು ತಂದಳು, ಇಸ್ತ್ರಿ ಮಾಡಿಸಿದಳು. ಗುರುವಾರ ಬೆಳಿಗ್ಗೆ ಉಪ್ಪಿಟ್ಟು, ಕೇಸರಿಬಾತು. ಹತ್ತು ಗಂಟೆಗೆ ಸರಿಯಾಗಿ ಮರುಳಸಿದ್ದಪ್ಪ ಹೆಂಡತಿಯ ಸಮೇತ ಬಂದು ಕೂತ. ಕೇಸರಿಬಾತಿನಲ್ಲಿ ಅರ್ಧ ತಿಂದು ತಲೆಯೆತ್ತಿದ.

"ಹುಡುಗ ಎಲ್ಲಮ್ಮ?"

"ಮೌಳೀ, ಬಾರೋ."

ಮೌಳಿ ಇಲ್ಲ. ಕೋಣೆಯಲ್ಲಿ ಹೊಸ ಷರ್ಟೂ ಇಲ್ಲ, ಬಟ್ಟೆ ಬ್ಯಾಗೂ ಇಲ್ಲ. ಅಷ್ಟರಲ್ಲಿ ಮರುಳಸಿದ್ದಪ್ಪನ ಫೋನು ಬಡಿದುಕೊಂಡಿತು. ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದ ದಾಕ್ಷಾಯಿಣಿ, ಕಡೂರಿನಿಂದ.

"ಮಾವ, ಯಾರೋ ಒಬ್ಬರು ಹೊಸ ಷರ್ಟು ಹಾಕ್ಕೊಂಡು, ಬ್ಯಾಗ್ ಹಿಡ್ಕೊಂಡು ನಮ್ಮ ಜಗಲಿ ಮೇಲೆ ಕೂತಿದಾರೆ. 'ಮಂಗಳವಾರ ನಿಮ್ಮ ಮಾವ ನನ್ನನ್ನ ಡೌನ್‌ಲೋಡ್ ಮಾಡ್ಕೊಂಡ್ರು, ಅದಕ್ಕೇ ಬಂದಿದೀನಿ' ಅಂತಾರೆ."

ಸರ್ವಮಂಗಳಮ್ಮ ಫೋನು ಕಿತ್ತುಕೊಂಡಳು. "ತಾಯೀ, ಅವನನ್ನ ವಾಪಸ್ ಕಳಿಸಮ್ಮ."

"ಹೇಳಿದೆ ಅಮ್ಮ. 'ಇನ್ನೊಂದು ಮನೆ ಸೇರಿದ ಮೇಲೆ ಅಲ್ಲಿ ಇರಬಾರದು, ನನ್ನ ಹೆಸರು ತೆಗೆದುಹಾಕಿದೀನಿ. ಅಮ್ಮನ ಮಾತು ಮೀರಲ್ಲ' ಅಂತಾರೆ. ಒಳಗಾದ್ರೂ ಬನ್ನಿ ಅಂದ್ರೆ, 'ಇನ್ನೂ ಯಾರೂ ನನ್ನ ತೆರೆದಿಲ್ಲ' ಅಂತ ಬಿಸಿಲಲ್ಲೇ ಕೂತಿದಾರೆ."

ಕಂಪ್ಯೂಟರಿನಲ್ಲಿ ನೋಡಿದರೆ ಆರುನೂರ ಹನ್ನೊಂದು.

ಮರುಳಸಿದ್ದಪ್ಪ ಉಳಿದರ್ಧ ಕೇಸರಿಬಾತನ್ನು ಸಮಾಧಾನವಾಗಿ ಮುಗಿಸಿ ಕೈ ತೊಳೆದ. "ಹೇಳಿದ ಕೆಲಸ ಮಾಡ್ತಾನೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ನಮ್ಮ ಹುಡುಗಿ ಶಾಲೆಯಲ್ಲಿ ನಲವತ್ತು ಮಕ್ಕಳನ್ನ ನೋಡ್ಕೋತಾಳೆ, ಮನೆಗೆ ಬಂದು ಇನ್ನೊಂದನ್ನ ನೋಡ್ಕೊಳ್ಳೋಕಾಗಲ್ಲ." ಫೋನು ಹಿಡಿದು ಸೋದರಸೊಸೆಗೆ ಹೇಳಿದ: "ದಾಕ್ಷಾಯಿಣಿ, ಆ ಫೈಲು ಅಳಿಸಿಬಿಟ್ಟೆ ಅಂತ ಹೇಳಮ್ಮ ಅವನಿಗೆ."

ಅವಳು ಹೇಳಿದಳು. ಮೌಳಿ ಬ್ಯಾಗ್ ಎತ್ತಿಕೊಂಡು ಹೊರಟ.

ಮಧ್ಯಾಹ್ನ ಎರಡಾದರೂ ಮಗ ಮನೆಗೆ ಬರಲಿಲ್ಲ. ಸರ್ವಮಂಗಳಮ್ಮ ಕಡೂರಿನ ಬಸ್ಸು ಹತ್ತಿ, ದಾರಿಯುದ್ದಕ್ಕೂ ಕಿಟಕಿಯಲ್ಲಿ ಇಣುಕುತ್ತ ಹೊರಟಳು. ಬಾಣಾವರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಕಡೂರಿಗೂ ಅರಸೀಕೆರೆಗೂ ನಡುವೆ, ಕಂಬಕ್ಕೆ ಒರಗಿಕೊಂಡು ನಿಂತಿದ್ದ.

"ಲೋ ಮೌಳಿ."

ಮಾತಿಲ್ಲ.

"ಓಗೊಡೋಕೇನೋ ಕಷ್ಟ ನಿನಗೆ?"

"ಹೆಂಗೆ ಓಗೊಡ್ಲಮ್ಮ? ಅಲ್ಲೂ ಅಳಿಸಿದ್ರು, ಇಲ್ಲೂ ಅಳಿಸಿದೆ. ನಾನು ಎಲ್ಲೂ ಇಲ್ಲ."

ಬೈಯಲು ಬಾಯಿ ತೆರೆದಳು. ಅವನ ಮುಖ ನೋಡಿ ಮುಚ್ಚಿದಳು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ತನ್ನ ಫೋನಿನಲ್ಲಿ ಕೇಂದ್ರದ ವೆಬ್‌ಸೈಟು ತೆರೆದು, ಮಗನನ್ನು ಮೊದಲಿನಿಂದ ತುಂಬಿಸತೊಡಗಿದಳು. ಹೆಸರು, ವಯಸ್ಸು, ಎತ್ತರ. 'ಕೆಲಸ' ಅನ್ನುವಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತು ಮುಂದೆ ಹೋಯಿತು. 'ಒಳಗಿನ ಮಾತು' ಅನ್ನುವಲ್ಲಿ ಬರೆದಳು: 'ಮಂಕ. ಹೇಳಿದ ಮಾತು ಮೀರೋದಿಲ್ಲ. ತಪ್ಪು ಹೇಳುವವರದು.' ಸೇವ್ ಒತ್ತಿದಳು. ಆರುನೂರ ಹನ್ನೆರಡು.

"ಈಗ ಇದ್ದೀಯ. ನಡಿ ಮನೆಗೆ."

ಮೌಳಿಯ ಮುಖ ಅರಳಿತು. ಬ್ಯಾಗ್ ಎತ್ತಿಕೊಂಡು ತಾಯಿಯ ಹಿಂದೆ ನಾಲ್ಕು ಹೆಜ್ಜೆ ನಡೆದ. ಅರಸೀಕೆರೆಯ ಬಸ್ಸೂ ಬಂದು ನಿಂತಿತು. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಾನೆ, ಅವಳ ಫೋನು ಟಿಣ್ ಅಂದಿತು. ಯಾರ ಫೈಲನ್ನು ಯಾರು ಇಳಿಸಿಕೊಂಡರು ಅಂತ ವೆಬ್‌ಸೈಟು ಕಳಿಸುವ ಸುದ್ದಿ ಅದು. ಇಷ್ಟು ದಿನವಾದರೂ ಹೊಟ್ಟೆಯುರಿ ಆರದ ತಿಪಟೂರಿನ ಪಂಚಾಕ್ಷರಯ್ಯ, ಈಯಮ್ಮ ಸ್ವಂತ ಮಗನ ವಿಚಾರ ಏನು ಬರೆದುಕೊಂಡಿದ್ದಾಳೋ ನೋಡೇಬಿಡೋಣ ಅಂತ ಆ ಹೊಸ ಫೈಲನ್ನು ಇಳಿಸಿಕೊಂಡಿದ್ದ.

ಮೌಳಿ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಟ್ಟ. ತಾಯಿಯ ಭುಜದ ಮೇಲಿಂದ ಬಗ್ಗಿ ಹೆಸರು ಓದಿಕೊಂಡ. ಷರ್ಟಿನ ಕಾಲರು ಸರಿಮಾಡಿಕೊಂಡ.

"ಅಮ್ಮ, ತಿಪಟೂರಿಗೆ ಬಸ್ಸು ಎಷ್ಟು ಹೊತ್ತಿಗೆ?"