ದ್ಯಾಮಣ್ಣನ ಮಂಡಕ್ಕಿ ಕಾಳು

ಯಾವ ಮೈಕ್‌ಸೆಟ್ಟಿನ ಡಬ್ಬಿಗೇ ಆಗಲಿ, ಕರೆಂಟು ಕೊಡುವ ಮುಂಚೆ ದ್ಯಾಮಣ್ಣ ಜೇಬಿನಿಂದ ಒಂದು ಮಂಡಕ್ಕಿ ಕಾಳು ತೆಗೆಯುತ್ತಿದ್ದ. ಸ್ಪೀಕರನ್ನು ಅಂಗಾತ ಮಲಗಿಸಿ ಅದರ ಕಾಗದದ ಬಟ್ಟಲಲ್ಲಿ ಕಾಳಿಡುತ್ತಿದ್ದ. ಸ್ವಿಚ್ಚು ಹಾಕಿದಾಗ ಕಾಳು ಜಿಗಿದರೆ ತಟ್ಟನೆ ಆರಿಸುತ್ತಿದ್ದ. ಜಿಗಿಯದಿದ್ದರೆ ಮಾತ್ರ ಹಾಡು. ಜೇಬಲ್ಲಿ ಉಳಿದದ್ದು ಬಾಯಿಗೆ.

ಇದು ಯಾವಾಗಿನ ಮಾತೋ. ಹಳ್ಳದ ದಂಡೆಯ ಒಂದೂರಲ್ಲಿ ಮೈಕ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದವನಂತೆ ಈ ದ್ಯಾಮಣ್ಣ. ಸತ್ತ ರೇಡಿಯೋ ಮೇಲೆ ಕೈಯಿಟ್ಟರೆ ಸಾಕು, ವಾರ್ತೆ ಓದುತ್ತಿತ್ತಂತೆ. ನಂಬುವವರು ನಂಬುತ್ತಾರೆ. ಹುಲಗಪ್ಪನ ಹಲಗೆಯ ಸಂಗತಿಯನ್ನು ಮಾತ್ರ ಊರಿಗೆ ಊರೇ ಹೇಳುತ್ತದೆ.

ಹುಲಗಪ್ಪ ಹಲಗೆ ಬಾರಿಸಿದರೆ ಮೊಹರಮ್ಮಿನ ಹೆಜ್ಜೆ ಕುಣಿತದವರ ಕಾಲು ತಾನೇ ಏಳುತ್ತಿತ್ತಂತೆ. ಒಂದು ವರ್ಷ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಹಿಂದೆ ಯಾರೋ ಅವನ ಬಡಿತವನ್ನು ಸಿಡಿಗೆ ತುಂಬಿಸಿದ್ದರು. ಅದನ್ನೇ ಹಚ್ಚಿ ಕುಣಿಯಿರಿ ಅಂದ ಹುಲಗಪ್ಪ. ಹಚ್ಚಿದರು. ಕಡ್ಡಿಯ ಛಟ್ ಛಟ್ ಬಂತು, ಧಂ ಎನ್ನುವ ತುಂಬು ಪೆಟ್ಟು ಬರಲಿಲ್ಲ. ಕುಣಿಯುವವರ ಕಾಲು ತೊಡರಿತು.

"ಇದೇನಲೇ, ಹಲಗಿನೋ ಹಪ್ಪಳ ಮುರಿಯೋದೋ?" ಅಂದರು ಊರ ಹಿರಿಯ ಮೌಲಾಸಾಬರು. "ಸರಿ ಬರ್ಲಿಲ್ಲಂದ್ರ ಕಡೀ ದಿನ ಪಂಜಾ ದೇವ್ರು ಹೊಳಿಗೆ ಹೋಗೋವಾಗ ಬ್ಯಾರೆ ಊರವನ್ನ ಕರಸ್ತೀವಿ. ಬ್ಯಾಸರ ಮಾಡ್ಕೋಬ್ಯಾಡ, ಹುಲಗ್ಯಾ."

ಬೇರೆಯವನು ಒಮ್ಮೆ ಬಂದರೆ ಬೆಂಕಿ ಉರಿಯುವ ಅಲಾಯಿ ಕುಣಿಯ ಮುಂದಿನ ತನ್ನ ಜಾಗ ಹೋದಂತೆಯೇ. ಹುಲಗಪ್ಪ ದ್ಯಾಮಣ್ಣನ ಅಂಗಡಿಗೆ ಹೋಗಿ ಕೂತ.

ದ್ಯಾಮಣ್ಣ ಆ ಸಿಡಿ ಹಚ್ಚಿದ್ದ ಡಬ್ಬಿ ಬಿಚ್ಚಿದ. ಸಿಡಿಯೊಳಗೆ ದನಿ ಅಂಕಿಯಾಗಿ ಕೂತಿರುತ್ತದೆ, ಡಬ್ಬಿಯೊಳಗಿನ ಐಸಿ ಚಿಪ್ಪು ಅದನ್ನು ತಿರುಗಿ ದನಿ ಮಾಡುತ್ತದೆ. ಆದರೆ ದನಿಯ ಜೊತೆಗೇ, ದನಿಯ ಹಾಗೆ ಹಿಂದೆಮುಂದೆ ಆಡದೆ ಒಂದೇ ಕಡೆ ಒತ್ತಿ ನಿಲ್ಲುವ ಕರೆಂಟೂ ಹೊರಡುತ್ತದೆ. ಅದು ಸ್ಪೀಕರಿಗೆ ಹೊಕ್ಕರೆ ಸುರುಳಿ ಸುಟ್ಟಂತೆ. ಅದಕ್ಕೇ ಬಾಗಿಲಲ್ಲೊಂದು ಸಣ್ಣ ಕೆಪಾಸಿಟರನ್ನು ಕಾವಲಿಟ್ಟಿದ್ದರು. ಆ ಕಾವಲುಗಾರ ನಿಂತ ಕರೆಂಟಿನ ಜೊತೆ ತುಂಬು ಪೆಟ್ಟನ್ನೂ ತಡೆದು ನಿಲ್ಲಿಸಿದ್ದ.

ತುಂಬು ಪೆಟ್ಟನ್ನು ಬಿಡುವಂಥ ದೊಡ್ಡ ಕೆಪಾಸಿಟರ್ ಹುಡುಕಿದ. ಅಂಗಡಿಯಲ್ಲಿದ್ದದ್ದು ಒಣಗಿ ಸತ್ತಿತ್ತು. ಟ್ರಾನ್ಸ್‌ಫಾರ್ಮರ್ ಕೂರಿಸಿದ. ಧಂ ಬಂತು, ಜೋರು ಮಾಡಿದರೆ ಕೆಸರಲ್ಲಿ ಕಾಲಿಟ್ಟ ಹಾಗೆ. ಅದನ್ನೂ ಕಿತ್ತು, ನಡುವೆ ಏನೂ ಇಡದೆ ನೇರ ತಂತಿ ಎಳೆದ. ಚಿಪ್ಪು ಈ ಕಡೆಯಿಂದ ಒತ್ತಿದಷ್ಟೇ ಆ ಕಡೆಯಿಂದಲೂ ಒತ್ತುವ ಹಾಗೆ ಒಂದು ಸ್ಕ್ರೂ ಇಟ್ಟ. ಎರಡೂ ಸಮ ಆದರೆ ಸೊನ್ನೆ.

"ಊರಾಗ ಇರೋದು ಅದೊಂದ ದೊಡ್ಡ ಸ್ಪೀಕರು," ಅಂದ ಹುಲಗಪ್ಪ. "ಅದು ಸುಟ್ಟರ ನನ್ನ ಹಲಗಿನೂ ಸುಟ್ಟಂಗೋ, ಅಣ್ಣಾ."

"ಬಾಯಿ ಮುಚ್ಚಿ ಮಂಡಕ್ಕಿ ನೋಡು."

ಕಾಳು ಜಿಗಿಯಿತು. ಸೊನ್ನೆ ಆಗಿಲ್ಲ ಅಂತ ಆರಿಸಿದ. ಸ್ಕ್ರೂ ತಿರುವಿದ. ಮತ್ತೆ ಜಿಗಿಯಿತು. ಮತ್ತೆ ತಿರುವಿದ. ಕಡೆಗೆ ಕಾಳು ಅಲುಗಲಿಲ್ಲ. ಸಿಡಿ ಹಚ್ಚಿದರೆ ಧಂ ಅಂತ ಹುಲಗಪ್ಪನ ಕೈಯೇ ಬಂತಂತೆ. ಕಾಳು ಸೂರಿನವರೆಗೆ ಹಾರಿತು ಅನ್ನುವವರೂ ಇದ್ದಾರೆ.

ಒಂದೇ ತೊಡಕು. ಡಬ್ಬಿ ಬಿಸಿಯಾದ ಹಾಗೆ ಸೊನ್ನೆ ಜಾರುತ್ತಿತ್ತು. ದೇವರು ಹೊಳೆಗೆ ಹೋಗುವ ದಿನ ಊರೆಲ್ಲ ಕುಣಿಯಿತು, ಮೌಲಾಸಾಬರೂ ಕುಣಿದರು. ದ್ಯಾಮಣ್ಣ ಮಾತ್ರ ಸ್ಕ್ರೂ ಮೇಲೆ ಕೈಯಿಟ್ಟು ಕೂತೇ ಇದ್ದ. ಹುಲಗಪ್ಪ ಎಡಗೈ ಬೀಸಿ ಕರೆದ: "ನನ್ನ ಹಲಗಿಗೆ ನೀ ಕುಣೀಲಿಲ್ಲಂದ್ರ ಹೆಂಗೋ? ಎದ್ದು ಬಾ, ಒಂದ ಹೆಜ್ಜಿ ಹಾಕು!" ದ್ಯಾಮಣ್ಣ ಸ್ಕ್ರೂ ಇನ್ನೊಂದು ಕೂದಲಷ್ಟು ತಿರುವಿದ. ಬದುಕಿರುವ ತನಕ ಪ್ರತಿ ಮೊಹರಮ್ಮಿಗೂ ಹಾಗೇ ಕೂತಿದ್ದನಂತೆ.

ಈಗ ಇಬ್ಬರೂ ಇಲ್ಲ. ಡಬ್ಬಿ ಇದೆ, ಸ್ಕ್ರೂ ತಿರುವಲು ಬೇರೆ ಯಾರೋ ಕೂರುತ್ತಾರೆ. ಆ ಊರಲ್ಲಿ ಇವತ್ತಿಗೂ ಮೊದಲ ಪೆಟ್ಟಿಗೆ ಮುಂಚೆ ಸ್ಪೀಕರಿನಲ್ಲಿ ಒಂದು ಮಂಡಕ್ಕಿ ಕಾಳಿಟ್ಟು ಸ್ವಿಚ್ಚು ಹಾಕುತ್ತಾರೆ. ಕುಣಿಯುವವರೆಲ್ಲ ಆ ಕಡೆ ತಿರುಗಿ ಕರೆಯುತ್ತಾರೆ: "ದ್ಯಾಮಣ್ಣಾ, ಎದ್ದು ಬಾ, ಒಂದ ಹೆಜ್ಜಿ ಹಾಕು."

ಸ್ವಲ್ಪ ಹೊತ್ತು ಕಾಯುತ್ತಾರೆ. ಕಾಳು ಮಿಸುಕುವುದಿಲ್ಲ. ದ್ಯಾಮಣ್ಣ ಇನ್ನೂ ಕೂತೇ ಇದ್ದಾನೆ ಅಂದು ಸಿಡಿ ಹಚ್ಚುತ್ತಾರೆ.