ಹಾಲೇಶಿಯ ಗಾಡಿಗೆ ಹಚ್ಚಿದ ಎಣ್ಣೆ

ಕೇಳ್ರಪ್ಪಾ. ಬಹಳ ಹಿಂದೆ, ಹತ್ತಿ ಗಿರಣಿಯ ಹೊಗೆ ಇನ್ನೂ ಏಳುತ್ತಿದ್ದ ಒಂದೂರಲ್ಲಿ, ಹಾಲೇಶಿ ಅಂತ ಒಬ್ಬ ಮೆಕ್ಯಾನಿಕ್ ಇದ್ದನಂತೆ. ಹಳೇ ಸ್ಕೂಟರಿನ ಎಂಜಿನ್ನು, ನಾಲ್ಕು ಪುಟ್ಟ ಚಕ್ರ, ನೆಲಕ್ಕೆ ತಾಗೋ ಹಾಗೆ ಒಂದು ಸೀಟು. ಅಂಥ ಕಾರ್ಟು ಮಾಡಿಕೊಂಡು ಗ್ಯಾರೇಜಿನವರೆಲ್ಲ ಗಿರಣಿ ಅಂಗಳದಲ್ಲಿ ರೇಸು ಬಿಡುತ್ತಿದ್ದರಂತೆ. ಹಾಲೇಶಿಯನ್ನ ಹಿಂದೆ ಹಾಕಿದೋರು ಒಬ್ಬರೂ ಇರಲಿಲ್ಲವಂತೆ.

ನೀವೋ, ಹೊಸ ಟೈರು ಹಾಕಿಸಿ ಜಂಬ ಕೊಚ್ಚಿಕೊಳ್ಳೋರು. ಅವನು ತಿರುವಿಗೆ ಮೊದಲೇ ವೇಗ ತಗ್ಗಿಸಿ, ಟೈರು ನೆಲ ಕಚ್ಚಿದ ಮೇಲೇ ಎಕ್ಸಿಲೇಟರ್ ತುಳಿಯುತ್ತಿದ್ದ. ಕಣ್ಣು ಕಟ್ಟಿದರೂ ಓಡಿಸುತ್ತಿದ್ದ ಅಂತಾರೆ. ಅಷ್ಟೆಲ್ಲ ನಂಬಬೇಡಿ, ಆದರೆ ಅಂತಾರೆ.

ಅವನ ತಾಯಿ ಹನುಮಕ್ಕ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಅವನೊಬ್ಬನೇ. ಒಂದು ಆಯುಧ ಪೂಜೆ ದಿನ ರೇಸು ಇತ್ತಂತೆ. ಎಲ್ಲರ ಗಾಡಿಗಳೂ ತೊಳೆದು ಥಳಥಳ. ಮಗನ ಗಾಡಿ ಮಂಕಾಗಿ ಕಾಣಬಾರದು ಅಂತ ಆ ತಾಯಿ ಚೆಂಡುಹೂವಿನ ಹಾರ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ನಾಲ್ಕೂ ಟೈರು ತಿಕ್ಕಿ ಮಿಂಚಿಸಿದಳು. ಅಯ್ಯೋ, ಅವಳಿಗೇನು ಗೊತ್ತು ಪಾಪ!

ಹಾಲೇಶಿ ಬಂದು ಟೈರು ಮುಟ್ಟಿದ. ಬೆರಳು ಜಾರಿತು. ಗೆಳೆಯ ಖಾದರ್ ಒರೆಸೋಕೆ ಹೋದರೆ ಕೈ ಹಿಡಿದನಂತೆ. ತಾಯಿ ಅಲ್ಲೇ ನಗುತ್ತಾ ನಿಂತಿದ್ದಳು. "ಬೇಡ ಕಣೋ, ಅವ್ವ ನೊಂದ್ಕೊಂತಾಳೆ. ನಾನು ಸಂಭಾಳಿಸ್ತೀನಿ" ಅಂದನಂತೆ.

ಕೈಚಳಕ ಎಷ್ಟಿದ್ದರೇನು, ಟೈರು ನೆಲ ಹಿಡಿಯಬೇಕಲ್ಲ. ನಿಧಾನವಾಗೇ ಹೊರಟನಂತೆ. ಮೊದಲ ತಿರುವಲ್ಲಿ ಹಿಂದಿನವನು ಮೈಮೇಲೇ ಬಂದ. ತಪ್ಪಿಸಿಕೊಳ್ಳೋಕೆ ಹಾಲೇಶಿ ಸ್ಟೇರಿಂಗ್ ತಿರುಗಿಸಿದ. ಗಾಡಿ ತಿರುಗಲಿಲ್ಲ. ನೆಟ್ಟಗೆ ಜಾರಿ ಹೋಗಿ ಗಿರಣಿ ಗೋಡೆಗೆ ಬಡಿಯಿತು. ತಾಯಿ ಓಡಿ ಬರೋದರೊಳಗೆ ಉಸಿರು ನಿಂತಿತ್ತಂತೆ.

ಏನಾಯ್ತು ಅಂತ ಅವಳು ಕೇಳಿದಳು. ಸ್ಟೇರಿಂಗ್ ರಾಡು ಮುರೀತು ಅಂದ ಖಾದರ್. ಊರಿಗೂರೇ ಅದನ್ನೇ ಹೇಳಿತು.

ಮುಂದಿನ ವರ್ಷ ಹನುಮಕ್ಕ ಎಣ್ಣೆ ಬಟ್ಟಲು ಹಿಡಿದು ಬಂದಳಂತೆ. ಮಗನ ಹೆಸರಲ್ಲಿ ಎಲ್ಲರ ಟೈರಿಗೂ ಹಚ್ಚುತ್ತೀನಿ ಅಂದಳು. ಎಲ್ಲರೂ ಗಾಡಿ ತಂದು ಅವಳ ಮುಂದೆ ಸಾಲಾಗಿ ನಿಲ್ಲಿಸಿದರು. ಅವಳು ಮನೆಗೆ ಹೋದ ಮೇಲೆ ಸೋಪು ಹಾಕಿ ತೊಳೆದು, ಮಣ್ಣು ತಿಕ್ಕಿ, ಆಮೇಲೆ ರೇಸು ಬಿಟ್ಟರು. ಅವಳು ಸಾಯೋವರೆಗೂ ವರ್ಷ ವರ್ಷ ಹೀಗೇ ನಡೀತಂತೆ. ನಿಜ ಅವಳ ಕಿವಿಗೆ ಬೀಳಲೇ ಇಲ್ಲ.

ಈಗ ಅವಳಿಲ್ಲ, ಗಿರಣಿಯೂ ಇಲ್ಲ. ಆದರೂ ಆ ಊರಲ್ಲಿ ಆಯುಧ ಪೂಜೆ ದಿನ ರೇಸಿಗೆ ಮುಂಚೆ ಟೈರಿಗೆ ಒಂದು ಬೊಟ್ಟು ಎಣ್ಣೆ ಹಚ್ಚುತ್ತಾರೆ. ಹನುಮಕ್ಕ ಮನೆ ಸೇರೋವಷ್ಟು ಹೊತ್ತು ಸುಮ್ಮನೆ ಕಾಯುತ್ತಾರೆ. ಆಮೇಲೇ ಮಣ್ಣು ಹಾಕಿ ಒರೆಸೋದು.